ಸಾಲದ ವರದಿಯಲ್ಲಿ ತಪ್ಪಿದ್ದರೆ ತಿದ್ದಿಸಿಕೊಳ್ಳುವ ಕ್ರಮ



ಕೊಳೆರೋಗಕ್ಕೆ ಔಷಧಿ ಹೊಡೆಯುವ ಕಾಲ, ಕಾಂಡಕೊರಕದ ಹಾವಳಿ, ಗೊಬ್ಬರದ ಪ್ರಮಾಣ ಮುಂತಾದ ವಿಷಯಗಳಿಗೆ ಮೀಸಲಾಗಿರುವ ಈ ಪುಟದಲ್ಲಿ ಈ ಬಾರಿ ತೋಟದ ಹೊರಗಿನ ವಿಷಯವೊಂದನ್ನು ಎತ್ತಿಕೊಂಡಿದ್ದೇನೆ. ಹೊರಗಿನದಾದರೂ ತೋಟಕ್ಕೆ ನೇರವಾಗಿ ಸಂಬಂಧಿಸಿದ್ದೇ. ಬ್ಯಾಂಕಿನಲ್ಲಿ ಸಾಲ ಕೇಳಲು ಹೋದವರಿಗೆ "ನಿಮ್ಮ ಸಿಬಿಲ್ ಸರಿಯಿಲ್ಲ" ಎಂಬ ಉತ್ತರ ಸಿಗುತ್ತಿರುವುದು ಈಚಿನ ವರ್ಷಗಳಲ್ಲಿ ಸಾಮಾನ್ಯವಾಗಿದೆ. ಸಿಬಿಲ್ ಎಂದರೆ ಏನು, ಅದನ್ನು ಸರಿಯಿಲ್ಲದಂತೆ ಮಾಡಿದವರು ಯಾರು, ಸರಿಪಡಿಸುವ ದಾರಿ ಯಾವುದು ಎಂದು ತಿಳಿಯದೆ ಹೆಚ್ಚಿನವರು ಸುಮ್ಮನೆ ಹಿಂದಿರುಗುತ್ತಾರೆ.

ಹಿಂದಿರುಗಿದವರು ಹೋಗುವುದು ಎಲ್ಲಿಗೆ ಎಂಬುದು ನಮಗೆಲ್ಲ ಗೊತ್ತು. ವ್ಯಾಪಾರಿಯಿಂದ ಮುಂಗಡ ಪಡೆದು, ಕೊಯ್ಲಿಗೆ ಮೊದಲೇ ಫಸಲನ್ನು ಅವನ ದರಕ್ಕೆ ಒಪ್ಪಿಸುವುದು. ಇಲ್ಲವೇ ಕೈಸಾಲಕ್ಕೆ ಬಾಯಿಗೆ ಬಂದ ಬಡ್ಡಿ ಕಟ್ಟುವುದು. ಸಕಾಲದಲ್ಲಿ ತೀರಿಸುವವರಿಗೆ ಕಡಿಮೆ ಬಡ್ಡಿಯಲ್ಲಿ ದೊರೆಯಬೇಕಾದ ಕಿಸಾನ್ ಕ್ರೆಡಿಟ್ ಕಾರ್ಡಿನ ಸಾಲ ತಪ್ಪಿಹೋದರೆ, ಮೂರೆಕರೆ ತೋಟದವನಿಗೆ ಅದು ಒಂದು ವರ್ಷದ ನಷ್ಟವಾಗಿ ಮುಗಿಯುವುದಿಲ್ಲ. ಆದ್ದರಿಂದ ವರದಿಯಲ್ಲಿ ತಪ್ಪಿದೆಯೇ ಎಂದು ನೋಡಿಕೊಳ್ಳುವುದನ್ನೂ, ಇದ್ದರೆ ತಿದ್ದಿಸಿಕೊಳ್ಳುವುದನ್ನೂ ಪ್ರತಿಯೊಬ್ಬ ಬೆಳೆಗಾರನು ಕಲಿತಿರತಕ್ಕದ್ದು. ಇದಕ್ಕೆ ವಕೀಲರೂ ಬೇಡ, ದಲ್ಲಾಳಿಗಳೂ ಬೇಡ. ಕಾಗದಪತ್ರಗಳೂ ಸ್ವಲ್ಪ ತಾಳ್ಮೆಯೂ ಸಾಕು.

1. ವರದಿ ಎಂದರೇನು? ಬರೆಯುವವರು ಯಾರು?

ನಮ್ಮ ಸಂಘದಲ್ಲಿ ಪ್ರತಿ ಸದಸ್ಯನ ಹೆಸರಿಗೂ ಒಂದು ಲೆಡ್ಜರ್ ಪುಟ ಇರುವಂತೆ, ದೇಶದಲ್ಲಿ ಬ್ಯಾಂಕು ಮತ್ತು ಹಣಕಾಸು ಕಂಪನಿಗಳಿಂದ ಸಾಲ ಪಡೆದ ಪ್ರತಿಯೊಬ್ಬನ ಹೆಸರಿಗೂ ಒಂದು ಪುಟವಿದೆ. ಅದನ್ನು ಇಟ್ಟುಕೊಳ್ಳುವ ಸಂಸ್ಥೆಗಳಿಗೆ ಸಾಲ ಮಾಹಿತಿ ಕಂಪನಿಗಳು ಎಂದು ಹೆಸರು. ಇಂಥವು ನಮ್ಮ ದೇಶದಲ್ಲಿ ನಾಲ್ಕಿವೆ: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಇಕ್ವಿಫ್ಯಾಕ್ಸ್ ಮತ್ತು ಕ್ರಿಫ್ ಹೈ ಮಾರ್ಕ್. ಇವುಗಳಲ್ಲಿ ಸಿಬಿಲ್ 2000ದಲ್ಲಿ, ಎಲ್ಲಕ್ಕಿಂತ ಮೊದಲು ಸ್ಥಾಪನೆಯಾದ್ದರಿಂದ ನಾಲ್ಕಕ್ಕೂ ಜನರ ಬಾಯಲ್ಲಿ ಅದೇ ಹೆಸರು ನಿಂತುಬಿಟ್ಟಿದೆ.

ಇವು ಸರ್ಕಾರಿ ಇಲಾಖೆಗಳಲ್ಲ, ಕಂಪನಿಗಳು. ಆದರೆ ಮನಬಂದಂತೆ ನಡೆಯುವಂತಿಲ್ಲ. 2005ರ ಸಾಲ ಮಾಹಿತಿ ಕಂಪನಿಗಳ (ನಿಯಂತ್ರಣ) ಅಧಿನಿಯಮಕ್ಕೆ ಅವು ಒಳಪಟ್ಟಿವೆ. ರಿಸರ್ವ್ ಬ್ಯಾಂಕು ಅವುಗಳ ಮೇಲ್ವಿಚಾರಣೆ ನಡೆಸುತ್ತದೆ. 2015ರ ಜನವರಿಯಲ್ಲಿ ರಿಸರ್ವ್ ಬ್ಯಾಂಕು ಕೊಟ್ಟ ನಿರ್ದೇಶನದ ಪ್ರಕಾರ ಬ್ಯಾಂಕುಗಳು ಈ ನಾಲ್ಕೂ ಕಂಪನಿಗಳ ಸದಸ್ಯರಾಗಿ ತಮ್ಮ ಸಾಲಗಾರರ ಮಾಹಿತಿಯನ್ನು ನಾಲ್ಕಕ್ಕೂ ಕಳುಹಿಸಬೇಕು. ಮೊದಲು ಇದು ತಿಂಗಳಿಗೊಮ್ಮೆ ನಡೆಯುತ್ತಿತ್ತು. 2025ರ ಜನವರಿ 1ರಿಂದ ಕನಿಷ್ಠ ಹದಿನೈದು ದಿನಗಳಿಗೊಮ್ಮೆ ಕಳುಹಿಸಬೇಕೆಂದು ನಿಯಮವಾಯಿತು.

ಇಲ್ಲಿ ಒಂದು ಮುಖ್ಯ ಸಂಗತಿಯನ್ನು ಗಮನಿಸಬೇಕು. ಸಾಲ ಮಾಹಿತಿ ಕಂಪನಿಯು ತಾನಾಗಿ ಏನನ್ನೂ ಬರೆಯುವುದಿಲ್ಲ. ಬ್ಯಾಂಕು ಕಳುಹಿಸಿದ್ದನ್ನು ದಾಖಲಿಸುತ್ತದೆ, ಅಷ್ಟೇ. ಆದ್ದರಿಂದ ತಪ್ಪಿನ ಮೂಲ ಬಹುತೇಕ ಸಾಲ ಕೊಟ್ಟ ಶಾಖೆಯ ಲೆಕ್ಕದಲ್ಲಿಯೇ ಇರುತ್ತದೆ, ಇಲ್ಲವೇ ಒಬ್ಬರ ಲೆಕ್ಕವನ್ನು ಇನ್ನೊಬ್ಬರ ಹೆಸರಿಗೆ ಸೇರಿಸಿದ್ದರಲ್ಲಿ ಇರುತ್ತದೆ. ಬೇರಿನ ರೋಗಕ್ಕೆ ಎಲೆಗೆ ಔಷಧಿ ಹೊಡೆದರೆ ಫಲವಿಲ್ಲವೆಂಬುದು ನಮಗೆ ಹೇಳಿಕೊಡಬೇಕಾದ ಪಾಠವಲ್ಲ.

ವರದಿಯ ಜೊತೆಗೆ ಒಂದು ಅಂಕವನ್ನೂ ಕೊಡುತ್ತಾರೆ. ಸಿಬಿಲ್ ಅಂಕವು 300ರಿಂದ 900ರವರೆಗೆ ಇರುತ್ತದೆ, ಹೆಚ್ಚಿದ್ದಷ್ಟೂ ಒಳ್ಳೆಯದು. ಪ್ರತಿ ಕಂಪನಿಯ ಲೆಕ್ಕಾಚಾರವೂ ಬೇರೆಯಾದ್ದರಿಂದ ನಾಲ್ಕರಲ್ಲಿ ನಾಲ್ಕು ಅಂಕ ಬಂದರೆ ಗಾಬರಿಪಡಬೇಕಾಗಿಲ್ಲ. ಅಂಕವನ್ನೇ ತಿದ್ದಿ ಎಂದು ಕೇಳಲು ಬರುವುದಿಲ್ಲ. ಅಂಕ ಹುಟ್ಟುವುದು ವರದಿಯೊಳಗಿನ ನಮೂದುಗಳಿಂದ. ತಪ್ಪು ನಮೂದನ್ನು ತಿದ್ದಿಸಿದರೆ ಅಂಕ ತಾನಾಗಿ ಬದಲಾಗುತ್ತದೆ.

2. ವರದಿಯನ್ನು ತರಿಸಿಕೊಳ್ಳುವುದು

2017ರ ಜನವರಿ 1ರಿಂದ ಪ್ರತಿಯೊಬ್ಬ ವ್ಯಕ್ತಿಗೂ ಪ್ರತಿ ಕಂಪನಿಯಿಂದ ವರ್ಷಕ್ಕೊಂದು ಪೂರ್ಣ ವರದಿಯನ್ನು ಉಚಿತವಾಗಿ ಪಡೆಯುವ ಹಕ್ಕಿದೆ. ಕಂಪನಿಗಳು ನಾಲ್ಕು ಇರುವುದರಿಂದ ಮೂರು ತಿಂಗಳಿಗೊಂದರಂತೆ ತರಿಸಿಕೊಂಡರೆ, ಒಂದು ಕಾಸಿನ ಖರ್ಚಿಲ್ಲದೆ ವರ್ಷವಿಡೀ ಕಣ್ಣಿಟ್ಟಂತಾಗುತ್ತದೆ. ಕಂಪನಿಯ ಅಧಿಕೃತ ಜಾಲತಾಣದಲ್ಲಿ ಪ್ಯಾನ್ ಸಂಖ್ಯೆ, ಜನ್ಮದಿನಾಂಕ, ವಿಳಾಸ ಮತ್ತು ಮೊಬೈಲ್ ಸಂಖ್ಯೆಯನ್ನು ಕೊಟ್ಟು ಪಡೆಯಬಹುದು. ಅದೇ ಜಾಲತಾಣದಲ್ಲಿ ಹಣ ಕೊಟ್ಟು ಚಂದಾದಾರರಾಗುವ ಯೋಜನೆಗಳೂ ಕಣ್ಣಿಗೆ ಬೀಳುತ್ತವೆ. ಅವನ್ನು ಬಿಟ್ಟು "ವರ್ಷಕ್ಕೊಂದು ಉಚಿತ ವರದಿ" ಎಂಬುದನ್ನೇ ಆರಿಸಿಕೊಳ್ಳಬೇಕು. ಕಂಪ್ಯೂಟರಿನ ಅಭ್ಯಾಸವಿಲ್ಲದವರು ಮನೆಯ ಮಕ್ಕಳ ಸಹಾಯ ಪಡೆಯಲಿ.

ತನ್ನ ವರದಿಯನ್ನು ತಾನೇ ನೋಡಿದರೆ ಅಂಕ ಇಳಿಯುತ್ತದೆ ಎಂಬ ಹೆದರಿಕೆ ಕೆಲವರಲ್ಲಿದೆ. ಅದು ಸರಿಯಲ್ಲ. ನಾವು ಸಾಲಕ್ಕೆ ಅರ್ಜಿ ಹಾಕಿದಾಗ ಬ್ಯಾಂಕು ನೋಡುವುದು ಬೇರೆ. ನಮ್ಮ ಪುಟವನ್ನು ನಾವು ನೋಡಿಕೊಳ್ಳುವುದು ಬೇರೆ.

ಇನ್ನೊಂದು ಹಕ್ಕೂ ಇದೆ. ಸಾಲಕ್ಕೆ ಅರ್ಜಿ ಹಾಕಿದವನು, ಬ್ಯಾಂಕು ತನ್ನ ಬಗ್ಗೆ ತರಿಸಿಕೊಂಡ ವರದಿಯ ಪ್ರತಿಯನ್ನು ಆ ಬ್ಯಾಂಕಿನಿಂದಲೇ ಕೇಳಬಹುದೆಂದು ಮೇಲೆ ಹೇಳಿದ ಅಧಿನಿಯಮದ 21ನೇ ಪ್ರಕರಣವು ಹೇಳುತ್ತದೆ. "ಸಿಬಿಲ್ ಸರಿಯಿಲ್ಲ" ಎಂದವರಿಗೆ "ಹಾಗಾದರೆ ಅದರ ಪ್ರತಿ ಕೊಡಿ, ಎಲ್ಲಿ ಸರಿಯಿಲ್ಲವೆಂದು ನೋಡುತ್ತೇನೆ" ಎಂದು ವಿನಯದಿಂದಲೇ ಕೇಳತಕ್ಕದ್ದು.

3. ಓದುವ ಕ್ರಮ

ವರದಿ ಕೈಗೆ ಬಂದಾಗ ಅಂಕವನ್ನು ನೋಡಿ ಮಡಚಿಡಬಾರದು. ಮೊದಲ ಸಾಲಿನಿಂದ ಕೊನೆಯವರೆಗೆ, ಪೆನ್ಸಿಲು ಹಿಡಿದು ಓದಬೇಕು. ಅದರಲ್ಲಿ ಮುಖ್ಯವಾಗಿ ಮೂರು ಭಾಗಗಳಿವೆ.

(ಅ) ಗುರುತಿನ ಭಾಗ: ಹೆಸರು, ಜನ್ಮದಿನಾಂಕ, ಪ್ಯಾನ್, ವಿಳಾಸಗಳು, ದೂರವಾಣಿ ಸಂಖ್ಯೆಗಳು. ನಿಮಗೆ ಸಂಬಂಧವೇ ಇಲ್ಲದ ಊರಿನ ವಿಳಾಸ ಇಲ್ಲಿ ಕಂಡುಬಂದರೆ, ಬೇರೆ ಯಾರದೋ ಪುಟ ನಿಮ್ಮದರೊಡನೆ ಬೆರೆತಿರಬಹುದೆಂದು ಎಚ್ಚರಗೊಳ್ಳಬೇಕು.

(ಆ) ಸಾಲ ಖಾತೆಗಳ ಭಾಗ: ಸಾಲ ಕೊಟ್ಟವರು, ಸಾಲದ ಬಗೆ, ನೀವು ಸಾಲಗಾರರೋ ಜಂಟಿ ಸಾಲಗಾರರೋ ಜಾಮೀನುದಾರರೋ ಎಂಬುದು, ಮಂಜೂರಾದ ಮೊತ್ತ, ಹಾಲಿ ಬಾಕಿ, ಕಟಬಾಕಿ, ಖಾತೆ ಮುಚ್ಚಿದ ದಿನಾಂಕ. ಇದರ ಕೆಳಗೆ ತಿಂಗಳುಗಳ ಚೌಕಗಳಿರುತ್ತವೆ. 36 ತಿಂಗಳವರೆಗಿನ ಮರುಪಾವತಿಯ ಚರಿತ್ರೆ ಅದರಲ್ಲಿ ತೋರುತ್ತದೆ. ಚೌಕದಲ್ಲಿ 000 ಎಂದಿದ್ದರೆ ಆ ತಿಂಗಳು ಬಾಕಿಯಿಲ್ಲ. 030, 060 ಮುಂತಾದ ಅಂಕಿಯಿದ್ದರೆ ವಾಯಿದೆ ಕಳೆದು ಅಷ್ಟು ದಿನಗಳಾಗಿವೆ ಎಂದರ್ಥ. ಎಕ್ಸ್ ಎಕ್ಸ್ ಎಕ್ಸ್ ಎಂದಿದ್ದರೆ ಆ ತಿಂಗಳ ಮಾಹಿತಿಯನ್ನು ಬ್ಯಾಂಕು ಕಳುಹಿಸಿಲ್ಲ. ಅದು ನಿಮ್ಮ ಸುಸ್ತಿಯಲ್ಲ.

(ಇ) ವಿಚಾರಣೆಗಳ ಭಾಗ: ನೀವು ಸಾಲ ಕೇಳಿದಿರೆಂದು ಯಾವ ಯಾವ ಸಂಸ್ಥೆಗಳು ನಿಮ್ಮ ವರದಿಯನ್ನು ತರಿಸಿದವು ಎಂಬ ಪಟ್ಟಿ. ನೀವು ಎಂದೂ ಮೆಟ್ಟಿಲು ಹತ್ತದ ಸಂಸ್ಥೆಯ ಹೆಸರು ಇದ್ದರೆ, ನಿಮ್ಮ ಕಾಗದಗಳನ್ನು ಯಾರಾದರೂ ದುರುಪಯೋಗಪಡಿಸಿರಬಹುದೇ ಎಂದು ಕೂಡಲೇ ವಿಚಾರಿಸಬೇಕು.

ಬ್ಯಾಂಕಿನ ಹೆಸರು ನೋಡುವಾಗ ಒಂದು ನೆನಪಿರಲಿ. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರ ಏಪ್ರಿಲ್ 1ರಂದು ಭಾರತೀಯ ಸ್ಟೇಟ್ ಬ್ಯಾಂಕಿನೊಡನೆ, ವಿಜಯಾ ಬ್ಯಾಂಕು 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದೊಡನೆ, ಸಿಂಡಿಕೇಟ್ ಬ್ಯಾಂಕು 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನೊಡನೆ, ಕಾರ್ಪೊರೇಷನ್ ಬ್ಯಾಂಕು ಅದೇ ದಿನ ಯೂನಿಯನ್ ಬ್ಯಾಂಕಿನೊಡನೆ ವಿಲೀನವಾದವು. ರಾಜ್ಯದ ಎರಡು ಗ್ರಾಮೀಣ ಬ್ಯಾಂಕುಗಳು 2025ರ ಮೇ 1ರಂದು ಒಂದಾದವು. ಆದ್ದರಿಂದ ಹಳೆಯ ಸಾಲ ಹೊಸ ಹೆಸರಿನಲ್ಲಿ ಕಂಡರೆ ಅದು ತಪ್ಪಲ್ಲ. ಆದರೆ ಒಂದೇ ಸಾಲ ಹಳೆಯ ಖಾತೆ ಸಂಖ್ಯೆಯಲ್ಲೊಮ್ಮೆ, ಹೊಸ ಸಂಖ್ಯೆಯಲ್ಲೊಮ್ಮೆ, ಎರಡೂ ಚಾಲ್ತಿಯಲ್ಲಿರುವಂತೆ ಕಂಡರೆ ಅದು ತಪ್ಪು.

4. ನಮ್ಮವರ ವರದಿಗಳಲ್ಲಿ ಹುಡುಕಬೇಕಾದ ತಪ್ಪುಗಳು

ಒಂದು: ಹೆಸರಿನ ಬೆರಕೆ. ನಮ್ಮ ಕಡೆ ಒಂದೇ ಗ್ರಾಮದಲ್ಲಿ ಒಂದೇ ಹೆಸರಿನ, ಒಂದೇ ಕುಲನಾಮದ ನಾಲ್ವರಿರುವುದು ಹೊಸತಲ್ಲ. ಊರಿನವರು ಮನೆಯ ಹೆಸರಿನಿಂದ ಗುರುತು ಹಿಡಿಯುತ್ತಾರೆ. ಕಂಪ್ಯೂಟರಿಗೆ ಆ ಪರಿಚಯವಿಲ್ಲ. ಇನಿಷಿಯಲ್ ಒಂದು ಕಡೆ ಬಿಡಿಸಿ ಬರೆದು, ಮತ್ತೊಂದು ಕಡೆ ಹಾಗೆಯೇ ಬಿಟ್ಟು, ಸಾಲ ಪಡೆಯುವಾಗ ಪ್ಯಾನ್ ಕೊಡದಿದ್ದರೆ, ಒಬ್ಬರ ಸಾಲ ಮತ್ತೊಬ್ಬರ ಪುಟಕ್ಕೆ ಸೇರುವ ಸಂಭವ ಹೆಚ್ಚು.

ಎರಡು: ತೀರಿದ ಸಾಲ ಚಾಲ್ತಿಯಲ್ಲಿರುವುದು. ಜೀಪಿನ ಸಾಲ, ಒಡವೆ ಸಾಲ, ಪಂಪ್‌ಸೆಟ್ ಸಾಲ ತೀರಿಸಿ ವರ್ಷವಾಗಿದ್ದರೂ ಖಾತೆ ಮುಚ್ಚಿದ ದಿನಾಂಕ ಬರದೆ ಬಾಕಿ ತೋರುತ್ತಿರುತ್ತದೆ.

ಮೂರು: ಚಿಲ್ಲರೆ ಬಾಕಿ. ಸಾಲ ತೀರಿಸುವ ದಿನ ಬಡ್ಡಿಯ ಲೆಕ್ಕದಲ್ಲಿ ಮುನ್ನೂರೋ ನಾನ್ನೂರೋ ರೂಪಾಯಿ ಉಳಿದು, ಸಾಲಗಾರನಿಗೂ ತಿಳಿಯದೆ, ಅದು ತಿಂಗಳು ತಿಂಗಳೂ ಕಟಬಾಕಿಯಾಗಿ ಬೆಳೆಯುತ್ತದೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂಬ ಗಾದೆ ಈ ಬಗೆಯ ಬಾಕಿಗೆಂದೇ ಹುಟ್ಟಿದಂತಿದೆ. ಲಕ್ಷಗಟ್ಟಲೆ ಸರಿಯಾಗಿ ಕಟ್ಟಿದ್ದರ ಬೆಲೆ ಮುನ್ನೂರು ರೂಪಾಯಿಯಲ್ಲಿ ಹೋಗುತ್ತದೆ.

ನಾಲ್ಕು: ಬಿಡುಗಡೆಯಾಗದ ಜಾಮೀನು. ನೆರೆಯವನ ಸಾಲಕ್ಕೆ ಜಾಮೀನು ಹಾಕಿದರೆ ಆ ಸಾಲ ನಿಮ್ಮ ವರದಿಯಲ್ಲೂ ಬರುತ್ತದೆ. ಅವನು ಸುಸ್ತಿಯಾದರೆ ಅದರ ಕಲೆ ನಿಮ್ಮ ಪುಟಕ್ಕೂ ತಾಗುತ್ತದೆ. ಇದು ತಪ್ಪಲ್ಲ, ರುಜುವಿನ ಫಲ. ಆದರೆ ಅವನು ಸಾಲ ತೀರಿಸಿದ ಮೇಲೂ ನಿಮ್ಮ ಜಾಮೀನು ಉಳಿದಿದ್ದರೆ, ಅಥವಾ ಜಾಮೀನುದಾರನಾದ ನಿಮ್ಮನ್ನು ಸಾಲಗಾರನೆಂದೇ ತೋರಿಸಿದ್ದರೆ, ತಕರಾರು ಸಲ್ಲಿಸಬೇಕು.

ಐದು: ಮನ್ನಾ ಮತ್ತು ಮರುಹೊಂದಾಣಿಕೆ. 2018ರಲ್ಲಿ ರಾಜ್ಯ ಸರ್ಕಾರವು ವಾಣಿಜ್ಯ ಬ್ಯಾಂಕುಗಳ ಬೆಳೆಸಾಲದಲ್ಲಿ 2 ಲಕ್ಷ ರೂ.ವರೆಗೆ, ಸಹಕಾರಿ ಬೆಳೆಸಾಲದಲ್ಲಿ 1 ಲಕ್ಷ ರೂ.ವರೆಗೆ ಮನ್ನಾ ಘೋಷಿಸಿತು. ಸರ್ಕಾರದ ಹಣ ಬಂದು ಜಮೆಯಾಗುವ ತನಕ ಖಾತೆ ಬಾಕಿಯಲ್ಲೇ ಉಳಿದಿದ್ದರೆ ಅದರ ಗುರುತು ವರದಿಯಲ್ಲಿ ಇರಬಹುದು. ಹಾಗೆಯೇ 2018ರ ಆಗಸ್ಟಿನ ಮಳೆ ಮತ್ತು ಭೂಕುಸಿತದಲ್ಲಿ ಕೊಡಗಿನಲ್ಲಿ ಆದಂತಹ ಹಾನಿಯ ತರುವಾಯ ಸಾಲದ ವಾಯಿದೆಯನ್ನು ಮುಂದೂಡಿದ್ದರೆ, ಅದನ್ನು ತೋರಿಸಲು "ನೈಸರ್ಗಿಕ ವಿಕೋಪದ ಕಾರಣ ಮರುಹೊಂದಿಸಿದ್ದು" ಎಂಬ ಪ್ರತ್ಯೇಕ ಗುರುತೇ ವರದಿಯ ನಮೂನೆಯಲ್ಲಿದೆ. ಅದನ್ನು ಹಾಕದೆ ಸಾಮಾನ್ಯ ಸುಸ್ತಿಯೆಂದು ತೋರಿಸಿದ್ದರೆ ಕೇಳಲು ನಮಗೆ ಆಧಾರವಿದೆ.

ಆರು: ಮೃತರ ಸಾಲ. ತಂದೆಯವರ ಸಾಲಕ್ಕೆ ನೀವು ಜಂಟಿ ಸಾಲಗಾರರಾಗಿಯೋ ಜಾಮೀನುದಾರರಾಗಿಯೋ ರುಜು ಹಾಕಿರದಿದ್ದರೆ, ಆಮೇಲೆ ನಿಮ್ಮ ಹೆಸರಿಗೆ ಅದನ್ನು ಬದಲಾಯಿಸಿಕೊಂಡಿರದಿದ್ದರೆ, ಅದು ನಿಮ್ಮ ವೈಯಕ್ತಿಕ ವರದಿಯಲ್ಲಿ ಇರತಕ್ಕದ್ದಲ್ಲ. ಆಸ್ತಿಯ ಮೇಲಿನ ಹೊಣೆ ಬೇರೆ ಪ್ರಶ್ನೆ.

5. ತಪ್ಪಲ್ಲದ್ದು ಯಾವುದು?

ಇದನ್ನು ನಿಷ್ಠುರವಾಗಿ ಹೇಳಬೇಕಾಗಿದೆ. ನಿಜವಾಗಿಯೂ ವಾಯಿದೆ ಮೀರಿ ಕಟ್ಟಿದ್ದರೆ ಅದು ವರದಿಯಲ್ಲಿ ಇರುತ್ತದೆ; ಬೆಲೆ ಬಿದ್ದಿತ್ತು, ಕೊಳೆ ಬಂದಿತ್ತು ಎಂಬ ಕಾರಣಕ್ಕೆ ಅಳಿಸುವುದಿಲ್ಲ. ಕಂಪನಿಗಳು ಮಾಹಿತಿಯನ್ನು ಕನಿಷ್ಠ ಏಳು ವರ್ಷ ಇಟ್ಟುಕೊಳ್ಳುತ್ತವೆ. ಒಂದೇ ಬಾರಿಯ ತೀರುವಳಿ ಯೋಜನೆಯಲ್ಲಿ ರಿಯಾಯಿತಿ ಪಡೆದು ಸಾಲ ಮುಗಿಸಿದ್ದರೆ "ಮುಚ್ಚಿದೆ" ಎಂಬ ಬದಲು "ರಾಜಿಯಲ್ಲಿ ಇತ್ಯರ್ಥ", ಅಂದರೆ ಸೆಟಲ್ಡ್ ಎಂದು ಬರುತ್ತದೆ. ಅದೂ ನಿಜವೇ. ಅದನ್ನು ಬದಲಿಸಬೇಕೆಂದರೆ ಬಿಟ್ಟುಕೊಟ್ಟ ಮೊತ್ತವನ್ನು ಕಟ್ಟುವ ಬಗ್ಗೆ ಬ್ಯಾಂಕಿನೊಡನೆ ಮಾತನಾಡಿ, ಕಟ್ಟಿದ ಮೇಲೆ ಪೂರ್ಣ ತೀರುವಳಿ ಪತ್ರ ಪಡೆದು, ಹೊಸ ಮಾಹಿತಿ ಕಳುಹಿಸುವಂತೆ ಕೇಳಬೇಕು. ಆದರೆ ಅಸಲು ಬಡ್ಡಿ ಪೂರ್ತಿ ಕಟ್ಟಿದವನಿಗೆ ಸೆಟಲ್ಡ್ ಎಂದು ಹಾಕಿದ್ದರೆ ಅದು ಅನ್ಯಾಯ, ಬಿಡಬಾರದು.

ನಿಜವಾದ ಸುಸ್ತಿಗೆ ಇರುವ ಮದ್ದು ಒಂದೇ: ಬಾಕಿ ಕಟ್ಟಿ, ಅಲ್ಲಿಂದ ಮುಂದೆ ವಾಯಿದೆ ತಪ್ಪದಿರುವುದು. ಹೊಸ ಚೌಕಗಳು ತುಂಬುತ್ತ ಬಂದಂತೆ ಹಳೆಯದರ ಭಾರ ಕಡಿಮೆಯಾಗುತ್ತದೆ. ಬೋಳಾದ ಕಾಫಿ ಗಿಡ ಚಿಗುರಿ ಫಸಲಿಗೆ ಬರಲು ಕಾಲ ಬೇಕಲ್ಲವೇ?

6. ತಕರಾರು ಸಲ್ಲಿಸುವ ಕ್ರಮ

ಮೊದಲನೆಯದಾಗಿ, ಆಧಾರಗಳನ್ನು ಕೂಡಿಸಿಕೊಳ್ಳಬೇಕು: ಸಾಲ ತೀರಿದ ಪತ್ರ ಅಥವಾ ಬಾಕಿ ಇಲ್ಲವೆಂಬ ದೃಢೀಕರಣ, ಖಾತೆಯ ಲೆಕ್ಕಪಟ್ಟಿ, ಹಣ ಕಟ್ಟಿದ ರಸೀದಿಗಳು, ಪ್ಯಾನ್ ಮತ್ತು ವಿಳಾಸದ ದಾಖಲೆ. ತಪ್ಪಿರುವ ಸಾಲುಗಳಿಗೆ ಗುರುತು ಮಾಡಿದ ವರದಿಯ ಪ್ರತಿಯನ್ನೂ ಇಟ್ಟುಕೊಳ್ಳಿ. ಪಹಣಿಯ 11ನೇ ಕಲಮಿನಿಂದ ಬ್ಯಾಂಕಿನ ಋಣಭಾರ ತೆಗೆಸಿದ್ದೇನೆ, ಆದ್ದರಿಂದ ಎಲ್ಲವೂ ಮುಗಿಯಿತು ಎಂದು ತಿಳಿಯಬಾರದು. ಪಹಣಿ ಕಂದಾಯ ಇಲಾಖೆಯ ದಾಖಲೆ. ಸಾಲದ ವರದಿ ಬೇರೆ. ಒಂದರಲ್ಲಿ ತೆಗೆದದ್ದು ಇನ್ನೊಂದಕ್ಕೆ ತಿಳಿಯುವುದಿಲ್ಲ.

ಎರಡನೆಯದಾಗಿ, ಸಾಲ ಮಾಹಿತಿ ಕಂಪನಿಯ ಜಾಲತಾಣದಲ್ಲಿ ತಕರಾರು ದಾಖಲಿಸಬೇಕು. ಇದಕ್ಕೆ ಶುಲ್ಕವಿಲ್ಲ. ವರದಿಯ ಮೇಲಿರುವ ನಿಯಂತ್ರಣ ಸಂಖ್ಯೆ, ಖಾತೆ, ತಪ್ಪಾದ ಅಂಶ, ಸರಿಯಾದ ಅಂಶ - ಇಷ್ಟನ್ನು ತಿಳಿಸಬೇಕು. ಕಂಪನಿಯು ಇದನ್ನು ಬ್ಯಾಂಕಿಗೆ ಕಳುಹಿಸುತ್ತದೆ. ಬ್ಯಾಂಕು ಒಪ್ಪಿದರೆ ತಿದ್ದುತ್ತದೆ. ತಕರಾರಿನ ಸಂಖ್ಯೆಯನ್ನು ತಪ್ಪದೆ ಬರೆದಿಟ್ಟುಕೊಳ್ಳಬೇಕು.

ಮೂರನೆಯದಾಗಿ, ಅದೇ ದಿನ ಸಾಲ ಕೊಟ್ಟ ಶಾಖೆಗೂ ಲಿಖಿತ ಅರ್ಜಿ ಕೊಟ್ಟು, ನಕಲಿನ ಮೇಲೆ ದಿನಾಂಕ ಸಹಿತ ಮೊಹರು ಹಾಕಿಸಿಕೊಳ್ಳಬೇಕು. ಬಾಯಿಮಾತಿನಲ್ಲಿ ಹೇಳಿದ್ದಕ್ಕೆ ದಿನಾಂಕವಿಲ್ಲ, ದಿನಾಂಕವಿಲ್ಲದ್ದಕ್ಕೆ ಲೆಕ್ಕವಿಲ್ಲ. ಸದಸ್ಯರ ಅನುಕೂಲಕ್ಕಾಗಿ ಮಾದರಿಯನ್ನು ಕೆಳಗೆ ಕೊಟ್ಟಿದೆ.

"ಗೆ,
ಶಾಖಾ ವ್ಯವಸ್ಥಾಪಕರು, ............ ಬ್ಯಾಂಕು, ............ ಶಾಖೆ.

ಮಾನ್ಯರೇ,

ವಿಷಯ: ಸಾಲ ಮಾಹಿತಿ ವರದಿಯಲ್ಲಿನ ತಪ್ಪನ್ನು ತಿದ್ದುವ ಬಗ್ಗೆ.

ನಾನು ತಮ್ಮ ಶಾಖೆಯಲ್ಲಿ ಪಡೆದ ............ ಸಾಲವನ್ನು (ಖಾತೆ ಸಂಖ್ಯೆ ............) ತಾರೀಖು ............ ರಂದು ಪೂರ್ಣವಾಗಿ ತೀರಿಸಿದ್ದೇನೆ. ಆದರೆ ............ ಕಂಪನಿಯ ತಾರೀಖು ............ ರ ವರದಿಯಲ್ಲಿ (ನಿಯಂತ್ರಣ ಸಂಖ್ಯೆ ............) ಈ ಖಾತೆಯಲ್ಲಿ ರೂ. ............ ಕಟಬಾಕಿ ಇದೆಯೆಂದು ನಮೂದಾಗಿದೆ. ಇದು ತಪ್ಪಾಗಿರುವುದರಿಂದ ಖಾತೆಯನ್ನು ಮುಚ್ಚಲಾಗಿದೆ ಎಂದೂ ಬಾಕಿ ಸೊನ್ನೆ ಎಂದೂ ತಿದ್ದಿದ ಮಾಹಿತಿಯನ್ನು ನಾಲ್ಕೂ ಸಾಲ ಮಾಹಿತಿ ಕಂಪನಿಗಳಿಗೆ ಕಳುಹಿಸಬೇಕಾಗಿ ಕೋರುತ್ತೇನೆ. ಕಂಪನಿಯಲ್ಲಿ ದಾಖಲಿಸಿದ ತಕರಾರಿನ ಸಂಖ್ಯೆ: ............ ಕೋರಿಕೆಯನ್ನು ಒಪ್ಪದಿದ್ದಲ್ಲಿ ಕಾರಣವನ್ನು ಲಿಖಿತವಾಗಿ ತಿಳಿಸಬೇಕಾಗಿ ವಿನಂತಿ. ತೀರುವಳಿ ಪತ್ರ, ರಸೀದಿ ಮತ್ತು ವರದಿಯ ನಕಲುಗಳನ್ನು ಲಗತ್ತಿಸಿದ್ದೇನೆ.

ತಮ್ಮ ವಿಶ್ವಾಸಿ,
(ರುಜು, ಹೆಸರು, ವಿಳಾಸ, ಮೊಬೈಲ್ ಸಂಖ್ಯೆ, ದಿನಾಂಕ)"

ಅರ್ಜಿಯಲ್ಲಿ ಕೋಪವನ್ನೂ ತೋಟದ ಕಷ್ಟಸುಖವನ್ನೂ ಬರೆಯಬೇಡಿ. ಒಂದು ಅರ್ಜಿಗೆ ಒಂದು ಖಾತೆ, ಒಂದು ತಪ್ಪಿಗೆ ಒಂದು ಆಧಾರ. ಮೂಲ ಕಾಗದಗಳನ್ನು ಯಾರಿಗೂ ಕೊಡಬೇಡಿ, ನಕಲು ಮಾತ್ರ.

7. ಮೂವತ್ತು ದಿನಗಳ ಲೆಕ್ಕ

ತಕರಾರು ಸಲ್ಲಿಸಿದ 30 ದಿನಗಳೊಳಗೆ ಅದನ್ನು ಇತ್ಯರ್ಥಗೊಳಿಸಬೇಕು. ಇದರಲ್ಲಿ ಬ್ಯಾಂಕು ಸರಿಯಾದ ಮಾಹಿತಿಯನ್ನು ಕಂಪನಿಗೆ ಕಳುಹಿಸಲು 21 ದಿನ, ಉಳಿದದ್ದು ಕಂಪನಿಗೆ. ಇದು ಮೊದಲು ಕಾಗದದ ಮೇಲಿನ ನಿಯಮವಾಗಿಯೇ ಉಳಿದಿತ್ತು. ರಿಸರ್ವ್ ಬ್ಯಾಂಕು 2023ರ ಅಕ್ಟೋಬರ್ 26ರಂದು ಹೊರಡಿಸಿದ, 2024ರ ಏಪ್ರಿಲ್ 26ರಿಂದ ಜಾರಿಗೆ ಬಂದ ಕ್ರಮದಿಂದ ಅದಕ್ಕೆ ಹಲ್ಲು ಬಂದಿದೆ. 30 ದಿನ ಮೀರಿದರೆ, ಮೀರಿದ ಪ್ರತಿ ದಿನಕ್ಕೆ 100 ರೂ.ನಂತೆ ದೂರುದಾರನಿಗೆ ಪರಿಹಾರ ಕೊಡಬೇಕು. ಬ್ಯಾಂಕು 21 ದಿನದೊಳಗೆ ಕಳುಹಿಸದಿದ್ದರೆ ಬ್ಯಾಂಕೇ ಕೊಡಬೇಕು. ಬ್ಯಾಂಕು ಸಮಯಕ್ಕೆ ಕಳುಹಿಸಿಯೂ ತಡವಾದರೆ ಕಂಪನಿ ಕೊಡಬೇಕು.

ಉದಾಹರಣೆಗೆ, ಜೂನ್ 1ರಂದು ತಕರಾರು ಸಲ್ಲಿಸಿದಿರೆನ್ನಿ. 30 ದಿನ ಮುಗಿಯುವುದು ಜುಲೈ 1ಕ್ಕೆ. ಜುಲೈ 20ರಂದು ತಪ್ಪು ತಿದ್ದಿದರೆ ತಡವಾದದ್ದು 19 ದಿನ; ಪರಿಹಾರ 1,900 ರೂ. ಇತ್ಯರ್ಥವಾದ ಐದು ಕೆಲಸದ ದಿನಗಳೊಳಗೆ ಇದು ಖಾತೆಗೆ ಜಮೆಯಾಗಬೇಕು. ಆದ್ದರಿಂದ ತಕರಾರಿನಲ್ಲಿ ನಿಮ್ಮ ಉಳಿತಾಯ ಖಾತೆಯ ವಿವರವನ್ನೂ ಕೊಟ್ಟಿರಿ. ಅಂಕದ ಲೆಕ್ಕಾಚಾರದ ಬಗೆಗಿನ ದೂರಿಗೆ, ಸಾಲ ಕೊಡಲಿಲ್ಲವೆಂಬ ದೂರಿಗೆ ಈ ಪರಿಹಾರ ಅನ್ವಯಿಸುವುದಿಲ್ಲ. ಪರಿಹಾರದ ಮೊತ್ತ ದೊಡ್ಡದೇನಲ್ಲ. ಆದರೆ ಮೇಜಿನ ಮೇಲೆ ಮಲಗಿರುವ ಕಡತವನ್ನು ಎಬ್ಬಿಸಲು ಅಷ್ಟು ಸಾಕಾಗುತ್ತದೆ.

ಕೋರಿಕೆಯನ್ನು ತಿರಸ್ಕರಿಸಿದರೆ ಕಾರಣ ತಿಳಿಸಬೇಕೆಂಬುದೂ ಅದೇ ಕ್ರಮದಲ್ಲಿದೆ. ಕಾರಣ ತಿಳಿದರೆ ಮುಂದಿನ ದಾರಿ ತಿಳಿಯುತ್ತದೆ.

8. ಆಗಲೂ ಆಗದಿದ್ದರೆ

ಬ್ಯಾಂಕಿನ ಕುಂದುಕೊರತೆ ಅಧಿಕಾರಿಗೆ ಬರೆಯಬೇಕು. 30 ದಿನಗಳಲ್ಲಿ ಉತ್ತರ ಬರದಿದ್ದರೆ, ಬಂದ ಉತ್ತರ ಸಮಾಧಾನಕರವಲ್ಲದಿದ್ದರೆ, ತಡಮಾಡದೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು. 2021ರಲ್ಲಿ ಒಂದುಗೂಡಿಸಿದ ಈ ವ್ಯವಸ್ಥೆಗೆ ಸಾಲ ಮಾಹಿತಿ ಕಂಪನಿಗಳನ್ನು 2022ರ ಸೆಪ್ಟೆಂಬರ್ 1ರಿಂದಲೂ, ರಾಜ್ಯ ಮತ್ತು ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕುಗಳನ್ನು 2025ರ ನವೆಂಬರ್ 1ರಿಂದಲೂ ಸೇರಿಸಲಾಗಿದೆ. ದೂರಿಗೆ ಶುಲ್ಕವಿಲ್ಲ. 14448 ಎಂಬ ಸಂಖ್ಯೆಗೆ ಕರೆ ಮಾಡಿ ವಿವರ ಕೇಳಬಹುದು. ಮೊದಲು ಬ್ಯಾಂಕಿಗೋ ಕಂಪನಿಗೋ ದೂರು ಕೊಟ್ಟಿರಲೇಬೇಕು. ಮೊಹರು ಹಾಕಿಸಿದ ನಕಲಿನ ಬೆಲೆ ತಿಳಿಯುವುದು ಇಲ್ಲಿಯೇ.

ಪ್ರಾಥಮಿಕ ಸಹಕಾರ ಸಂಘಗಳ ವಿಷಯ ಬೇರೆ. ಎಲ್ಲ ಸಂಘಗಳ ಸಾಲವೂ ಈ ವರದಿಗಳಲ್ಲಿ ಕಾಣಿಸುವುದಿಲ್ಲ. ಆದ್ದರಿಂದ ಸಂಘದಲ್ಲಿ ಇಪ್ಪತ್ತು ವರ್ಷ ಸರಿಯಾಗಿ ಕಟ್ಟಿದವರ ಒಳ್ಳೆಯ ಹೆಸರೂ ಅಲ್ಲಿ ಕಾಣದೆ ಹೋಗಬಹುದು. ಸಂಘದೊಡನೆಯೇ ಲೆಕ್ಕದ ವಿವಾದವಿದ್ದರೆ ಆಡಳಿತ ಮಂಡಳಿಯ ಮುಂದಿಡಬೇಕು. ಅಲ್ಲಿ ಬಗೆಹರಿಯದಿದ್ದರೆ 1959ರ ಕರ್ನಾಟಕ ಸಹಕಾರ ಸಂಘಗಳ ಅಧಿನಿಯಮದ 70ನೇ ಪ್ರಕರಣದಂತೆ ಸಹಕಾರ ಇಲಾಖೆಯ ಮುಂದೆ ವಿವಾದ ಹೂಡಬಹುದು.

ಈವರೆಗೆ ಯಾವ ಬ್ಯಾಂಕಿನಲ್ಲೂ ಸಾಲ ಪಡೆಯದ ಯುವಕ ಸದಸ್ಯರು ಒಂದನ್ನು ನೆನಪಿಡಲಿ. ಸಾಲದ ಚರಿತ್ರೆ ಇಲ್ಲವೆಂಬ ಒಂದೇ ಕಾರಣಕ್ಕೆ ಮೊದಲ ಬಾರಿ ಸಾಲ ಕೇಳುವವರ ಅರ್ಜಿಯನ್ನು ತಿರಸ್ಕರಿಸಬಾರದೆಂದು 2025ರ ಜನವರಿ 6ರ ರಿಸರ್ವ್ ಬ್ಯಾಂಕಿನ ನಿರ್ದೇಶನ ಹೇಳಿದೆ.

9. ದಲ್ಲಾಳಿಗಳ ವಿಷಯದಲ್ಲಿ ಎಚ್ಚರಿಕೆ

"ಸಿಬಿಲ್ ಸರಿಮಾಡಿಕೊಡುತ್ತೇವೆ, ಐದು ಸಾವಿರ ಕೊಡಿ" ಎನ್ನುವವರು ಪೇಟೆಯಲ್ಲೂ ಫೋನಿನಲ್ಲೂ ಹುಟ್ಟಿಕೊಂಡಿದ್ದಾರೆ. ನಿಜವಾದ ಸುಸ್ತಿಯನ್ನು ಅವರು ಅಳಿಸಲಾರರು. ತಪ್ಪು ನಮೂದನ್ನು ತಿದ್ದಿಸಲು ಅವರ ಅವಶ್ಯಕತೆಯಿಲ್ಲ. ಹಾಗಿರುವಾಗ ಹಣ ಕೊಡುವುದು ಯಾವುದಕ್ಕೆ? ಹಣಕ್ಕಿಂತ ದೊಡ್ಡ ಅಪಾಯವೆಂದರೆ ಅವರ ಕೈಗೆ ಪ್ಯಾನ್, ಆಧಾರ್ ನಕಲು ಮತ್ತು ಮೊಬೈಲಿಗೆ ಬಂದ ಓ.ಟಿ.ಪಿ. ಕೊಡುವುದು. ಇವುಗಳಿಂದ ನಿಮ್ಮ ಹೆಸರಿನಲ್ಲಿ ಹೊಸ ಸಾಲವನ್ನೇ ಎತ್ತಬಹುದು.

10. ಮುಂಜಾಗ್ರತೆ

ಎಲ್ಲ ಬ್ಯಾಂಕುಗಳಲ್ಲೂ ಪ್ಯಾನ್ ಮತ್ತು ಈಗ ಬಳಕೆಯಲ್ಲಿರುವ ಮೊಬೈಲ್ ಸಂಖ್ಯೆಯನ್ನು ನಮೂದಿಸಿರಬೇಕು. ಯಾರಾದರೂ ನಿಮ್ಮ ವರದಿಯನ್ನು ತರಿಸಿದಾಗ ಕಂಪನಿಯೂ, ನಿಮ್ಮ ಖಾತೆಯನ್ನು ಸುಸ್ತಿಯೆಂದು ಕಳುಹಿಸುವಾಗ ಬ್ಯಾಂಕೂ ಸಂದೇಶದ ಮೂಲಕ ತಿಳಿಸಬೇಕೆಂದು 2023ರ ಕ್ರಮದಲ್ಲಿದೆ. ಹಳೆಯ ಸಂಖ್ಯೆ ಕೊಟ್ಟಿದ್ದರೆ ಆ ಸಂದೇಶ ಇನ್ನಾರಿಗೋ ಹೋಗುತ್ತದೆ.

ಹೆಸರನ್ನು ಪ್ಯಾನ್, ಆಧಾರ್, ಪಹಣಿ, ಪಾಸ್‌ಬುಕ್ ಎಲ್ಲದರಲ್ಲೂ ಒಂದೇ ರೀತಿ ಇಟ್ಟುಕೊಳ್ಳಬೇಕು. ಸಾಲ ತೀರಿಸಿದ ದಿನವೇ ಬಾಕಿ ಸೊನ್ನೆಯಾಗಿದೆಯೇ ಎಂದು ಕೇಳಿ ತೀರುವಳಿ ಪತ್ರ ಪಡೆಯಬೇಕು. ಒಂದೆರಡು ತಿಂಗಳ ಮೇಲೆ ವರದಿ ತರಿಸಿ ನೋಡಬೇಕು. ತಿದ್ದುಪಡಿಯಾದ ಮೇಲೂ ಹಾಗೆಯೇ ಉಳಿದ ಮೂರು ಕಂಪನಿಗಳ ವರದಿಯನ್ನು ನೋಡಿ. ಜಾಮೀನು ಹಾಕುವ ಮುಂಚೆ, ಆ ಸಾಲ ನನ್ನ ಪುಟದಲ್ಲೂ ಬರುತ್ತದೆ ಎಂಬುದನ್ನು ನೆನೆದು ರುಜು ಹಾಕಿ. ನೆರೆಹೊರೆಯವರಿಗೆ ಆಗಬಾರದೆಂದು ನಾನು ಹೇಳುತ್ತಿಲ್ಲ. ಜಾಮೀನಿಲ್ಲದೆ ನಮ್ಮ ಸಹಕಾರ ಚಳವಳಿಯೇ ಇಲ್ಲ. ಆದರೆ ತಿಳಿದು ಹಾಕಬೇಕು, ವಾಯಿದೆಯ ತಿಂಗಳಲ್ಲಿ ಒಂದು ಮಾತು ವಿಚಾರಿಸಬೇಕು.

ಈ ಕೆಲಸಕ್ಕೆ ತಕ್ಕ ಕಾಲವೆಂದರೆ ಸಾಲ ಬೇಕಾಗುವುದಕ್ಕೆ ಮೂರು ತಿಂಗಳ ಮೊದಲು. ಔಷಧಿ, ಗೊಬ್ಬರದ ಖರ್ಚು ಎದುರಿಗೆ ನಿಂತಾಗ ತಕರಾರು ಹಾಕಿದರೆ ಮೂವತ್ತು ದಿನ ಕಾಯಲು ಮಳೆ ನಮ್ಮ ಮಾತು ಕೇಳುವುದಿಲ್ಲ. ಕೊಯ್ಲು ಮುಗಿದು ಕಣ ಖಾಲಿಯಾದ ಮೇಲೆ, ಕಾಫಿಗೆ ಹೂಮಳೆ ಬೀಳುವ ಮೊದಲು, ಸ್ವಲ್ಪ ಬಿಡುವಿರುವಾಗ ಒಂದು ದಿನ ಇದಕ್ಕೆಂದು ಇಡಿ. ಮಾದರಿ ಅರ್ಜಿಯ ಪ್ರತಿಗಳನ್ನು ಸಂಘದ ಕಚೇರಿಯಲ್ಲಿ ಇಟ್ಟಿದೆ. ವರದಿಯನ್ನು ಓದಲು ತೊಡಕಾದವರು ಕೆಲಸದ ವೇಳೆಯಲ್ಲಿ ತಂದು ತೋರಿಸಬಹುದು.

- ಕಾರ್ಯದರ್ಶಿ